ಗಾಳಿಮಳೆಗೆ ನಾಲ್ಕು ದಿನ ಕರೆಂಟಿಲ್ಲ: ಮನೆ ಚೊಕ್ಕಟವಾಗಿ ಇಡುವುದು ಹೇಗೆ?

ಪ್ರಶ್ನೆ:
ಬೆಂಗಳೂರಿನಿಂದ ತೀರ್ಥಹಳ್ಳಿ ಹತ್ತಿರದ ಅತ್ತೆ ಮನೆಗೆ ಬಂದು ಆರು ತಿಂಗಳಾಯಿತು. ಮಗುವಿಗೆ ಹತ್ತು ತಿಂಗಳು. ಮಳೆಗಾಲದಲ್ಲಿ ಇಲ್ಲಿ ಮೂರು ನಾಲ್ಕು ದಿನ ಕರೆಂಟೇ ಇರುವುದಿಲ್ಲವಂತೆ. ಪಂಪ್ ಓಡದಿದ್ದರೆ ನಲ್ಲಿ, ಕಮೋಡು ಎಲ್ಲಾ ಬಂದ್ ಅಲ್ವಾ? ಬಾವಿ ಇದೆ, ಆದರೆ ನನಗೆ ನೀರು ಸೇದಿ ಅಭ್ಯಾಸವಿಲ್ಲ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಕೊಪ್ಪದಿಂದ:
ನಾನು ಈ ಕಡೆಗೆ ಸೊಸೆಯಾಗಿ ಬಂದು ಇಪ್ಪತ್ತು ಮಳೆಗಾಲ ಆಯಿತು. 2019ರ ಆಗಸ್ಟ್ ಮಳೆಗೆ ನಮ್ಮಲ್ಲಿ ಒಂಬತ್ತು ದಿನ ಕರೆಂಟಿರಲಿಲ್ಲ. ಮೊದಲ ಎರಡು ದಿನ ಮೇಣದಬತ್ತಿ, ಟಾರ್ಚು ಅಂತ ಒದ್ದಾಡಿದೆವು. ಮೂರನೇ ದಿನ ಮಗಳಿಗೂ ಮಾವನಿಗೂ ಭೇದಿ ಶುರುವಾಯಿತು. ಎಡವಿದ್ದು ಎಲ್ಲಿ ಅಂತ ಆಗ ಹೊಳೆಯಿತು. ಒಂದೇ ಚೆಂಬು! ಬಚ್ಚಲಿಗೆ ಹೋಗಿಬಂದ ಚೆಂಬೇ ಕುಡಿಯುವ ನೀರಿನ ಕೊಡಕ್ಕೂ ಇಳಿಯುತ್ತಿತ್ತು. ನಲ್ಲಿ ಬರುವಾಗ ಯಾರೂ ನೀರಿನೊಳಗೆ ಕೈ ಅದ್ದುವುದಿಲ್ಲ. ನಲ್ಲಿ ನಿಂತರೆ ಮನೆಮಂದಿಯ ಕೈಯೆಲ್ಲ ಬಕೆಟ್ಟಿನೊಳಗೆ.

ಅವತ್ತಿನಿಂದ ಕುಡಿಯುವ ನೀರಿಗೆ ನಲ್ಲಿ ಇರುವ ಸ್ಟೀಲ್ ಡ್ರಮ್ಮು. ಕೊತಕೊತ ಕುದಿಸಿ ಆರಿಸಿದ ನೀರು ಅದಕ್ಕೆ. ಕೈ ತೊಳೆಯಲು ಹಳೇ ಬಾಟಲಿಯ ಮುಚ್ಚಳಕ್ಕೆ ಮೊಳೆ ಕಾಯಿಸಿ ಎರಡು ತೂತು ಮಾಡಿಟ್ಟಿದ್ದೇವೆ. ಬಗ್ಗಿಸಿದರೆ ಸಣ್ಣ ಧಾರೆ ಬರುತ್ತದೆ, ನೀರೂ ಉಳಿಯುತ್ತದೆ.

ಕಮೋಡಿಗೆ ಒಳ್ಳೆಯ ನೀರು ಸುರಿಯಬೇಡಿ. ಸೂರಿನ ಕೆಳಗೆ ಡ್ರಮ್ಮಿಟ್ಟರೆ ಅರ್ಧ ಗಂಟೆಯಲ್ಲಿ ತುಂಬುತ್ತದೆ. ಅರ್ಧ ಬಕೆಟ್ ಒಂದೇ ಸಲ ರಭಸವಾಗಿ ಹುಯ್ಯಿರಿ. ಚೆಂಬು ಚೆಂಬಾಗಿ ಹಾಕಿದರೆ ಬಕೆಟ್ ಖಾಲಿಯಾಗುತ್ತದೆ, ಕೆಲಸ ಆಗುವುದಿಲ್ಲ. ಡ್ರಮ್ಮಿನ ಬಾಯಿಗೆ ಹಳೇ ಪಂಚೆ ಬಿಗಿಯಾಗಿ ಕಟ್ಟಿ, ಇಲ್ಲದಿದ್ದರೆ ವಾರದಲ್ಲೇ ಸೊಳ್ಳೆಮರಿ.

ಊಟ ಬಾಳೆಎಲೆಯಲ್ಲಿ ಮಾಡಿ. ತಟ್ಟೆ ತೊಳೆಯುವ ಕೆಲಸವಿಲ್ಲ, ಎಲೆ ದನಕ್ಕೆ.

ಮಗುವಿನ ಬಟ್ಟೆ ಬಚ್ಚಲೊಲೆಯ ಮೇಲೆ ತಂತಿ ಕಟ್ಟಿ ಒಣಗಿಸಿ. ಹೊಗೆ ವಾಸನೆ ಬರುತ್ತದೆ, ಬರಲಿ. ಅರೆಬರೆ ಒಣಗಿದ ಬಟ್ಟೆ ಹಾಕಿದರೆ ಕಜ್ಜಿ ಏಳುತ್ತದೆ. ಮುಟ್ಟಿನ ಬಟ್ಟೆಯನ್ನೂ ಬಿಸಿನೀರು, ಸೋಪಿನಲ್ಲಿ ತೊಳೆದು ಅಲ್ಲೇ ಹರವಿ. ಸೀರೆಯಡಿ ಮುಚ್ಚಿಡುವುದು ಬೇಡ. ನಮ್ಮತ್ತೆ ಮೊದಲು ಮುಖ ಸಿಂಡರಿಸಿದರು. ಆಮೇಲೆ ಅವರೇ ಇನ್ನೊಂದು ತಂತಿ ಕಟ್ಟಿಸಿದರು.

ಕುಂದಾಪುರದಿಂದ:
ಕೊಪ್ಪದ ಅಕ್ಕ ಹೇಳಿದ್ದೆಲ್ಲ ಸರಿ. ಬಾವಿಯ ಬಗ್ಗೆ ನಾನು ಹೇಳುತ್ತೇನೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅಂಗಳದ ನೀರು ನಮ್ಮ ಬಾವಿಗೇ ಇಳಿಯಿತು. ಕಟ್ಟೆ ಗಿಡ್ಡ ಇತ್ತು, ನಮ್ಮದೇ ತಪ್ಪು. ಬಾವಿ ನೀರು ಶುದ್ಧ ಮಾಡಲು ಸಾಮಾನ್ಯ ಲೆಕ್ಕ 1,000 ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್. ಆರಡಿ ಅಗಲದ ಬಾವಿಯಲ್ಲಿ ಹತ್ತಡಿ ನೀರಿದ್ದರೆ ಸುಮಾರು 8,000 ಲೀಟರ್, ಅಂದರೆ 20 ಗ್ರಾಂ. ಕೊಳೆನೀರು ನುಗ್ಗಿದ್ದರೆ ಇಷ್ಟು ಸಾಲದು, ಆರೋಗ್ಯ ಇಲಾಖೆಯವರನ್ನು ಕೇಳಿ ಹಾಕಿ. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಕೂರಲು ಬಿಡಿ. ಮೇಲಿನ ತಿಳಿ ಮಾತ್ರ ಬಾವಿಗೆ. ಕೊಡ ಇಳಿಸಿ ಏರಿಸಿ ಕಲಕಿ. ಒಂದು ಗಂಟೆಯಾದರೂ ಮುಟ್ಟಬೇಡಿ. ನಾವು ರಾತ್ರಿ ಹಾಕಿ ಬೆಳಿಗ್ಗೆ ಸೇದುತ್ತೇವೆ. ತೆರೆದಿಟ್ಟು ತೇವ ಹಿಡಿದ ಹಳೇ ಪೌಡರಿಗೆ ಶಕ್ತಿ ಇರುವುದಿಲ್ಲ.

ಇನ್ನೊಂದು, ಇಲಿಜ್ವರ. ಇಲಿಯ ಮೂತ್ರ ಬೆರೆತ ನೀರಿನಿಂದ ಕಾಲಿನ ಗಾಯದ ಮೂಲಕ ಬರುತ್ತದೆ. ಅಂಗಳ, ತೋಟದ ಕೆಸರಿಗೆ ಬರಿಗಾಲಲ್ಲಿ ಇಳಿಯಬೇಡಿ. ಇಳಿದ ಮೇಲೆ ಜ್ವರ, ಮೈಕೈನೋವು ಬಂದರೆ ಕಷಾಯ ಕುಡಿದು ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಬೆಂಗಳೂರಿನಿಂದ:
ಸುಮ್ನೆ ಹಳ್ಳಿಯದ್ದೇ ಕಷ್ಟ ಅಂದುಕೊಳ್ಳಬೇಡಿ. 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು ಕಡೆ ನೀರು ನುಗ್ಗಿದಾಗ ನಮ್ಮ ಸಂಪಿಗೆ ಚರಂಡಿ ನೀರು ಸೇರಿತು. ಪೂರ್ತಿ ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಹಾಕಿದ ಮೇಲೇ ಬಳಸಿದ್ದು. ಅವಸರದಲ್ಲಿ ನಾನು ಬಾತ್‌ರೂಮಿಗೆ ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಆಸಿಡ್ ಒಟ್ಟಿಗೆ ಹಾಕಿದೆ. ಉಸಿರು ಕಟ್ಟಿ ಹೊರಗೆ ಓಡಿಬಂದೆ. ಅದು ವಿಷದ ಗಾಳಿ, ಯಾವತ್ತೂ ಬೆರೆಸಬೇಡಿ. ಫ್ರಿಜ್ ಬಾಗಿಲು ತೆಗೆಯದಿದ್ದರೆ ನಾಲ್ಕು ಗಂಟೆ ತಣ್ಣಗಿರುತ್ತದೆ, ಆಮೇಲೆ ಹಾಲು, ಮೀನಿನ ಆಸೆ ಬಿಡಿ.

ಪ್ರಶ್ನೆ ಕೇಳಿದವರು:
ತುಂಬಾ ಉಪಕಾರವಾಯಿತು. ಎರಡು ಹಳೇ ಡ್ರಮ್ಮು ಅಟ್ಟದಲ್ಲಿವೆಯಂತೆ, ನಾಳೆ ಇಳಿಸುತ್ತೇವೆ. ಬ್ಲೀಚಿಂಗ್ ಹಾಕಿದ ಬಾವಿ ನೀರು ಮಗುವಿಗೆ ಕೊಡಬಹುದಾ?

ಕುಂದಾಪುರದಿಂದ:
ಹೇಳಿದ ಅಳತೆ, ಹೇಳಿದಷ್ಟು ಹೊತ್ತು ಬಿಟ್ಟಿದ್ದರೆ ಕೊಡಬಹುದು, ಕುದಿಸಿ ಆರಿಸಿ. ಕುದಿಸಿದರೆ ವಾಸನೆಯೂ ಹೋಗುತ್ತದೆ. ಸೇದುವುದನ್ನು ಮಾತ್ರ ಈಗಲೇ, ಬಿಸಿಲಿರುವಾಗ ಕಲಿಯಿರಿ. ಮಳೆಯಲ್ಲಿ ಹಗ್ಗ ಜಾರುತ್ತದೆ, ಹೊಸಬರು ಕೊಡವನ್ನು ಬಾವಿಗೇ ಬಿಡುವುದು ಜಾಸ್ತಿ.