ಅಮ್ಮನಿಗೆ ಮುಖ ಕಾಣಲ್ಲ, ಹೊಸ್ತಿಲು ಕಾಣುತ್ತೆ. ಅನುಭವ ಇದ್ದವರು ಹೇಳಿ

ಪ್ರಶ್ನೆ: ಅಮ್ಮನಿಗೆ 71 ವರ್ಷ. ಕಣ್ಣಿನ ಹಿಂಬದಿಯ ಪರದೆಯಾದ ರೆಟಿನಾದ ನಡುಭಾಗ, ಅಂದರೆ ಮ್ಯಾಕುಲಾ, ಎರಡೂ ಕಣ್ಣಲ್ಲಿ ಹಾಳಾಗಿದೆ ಎಂದಿದ್ದಾರೆ ಡಾಕ್ಟರು. ಎದುರು ಕೂತವರ ಗುರುತು ಸಿಗುವುದಿಲ್ಲ. ಆದರೆ ಹೊಸ್ತಿಲು ಎಡವದೆ ಅಂಗಳಕ್ಕೆ ಹೋಗಿ ಬರುತ್ತಾರೆ. ಹಾಗಾಗಿ "ಸುಮ್ನೆ ಹೇಳ್ತಾರೆ" ಅನ್ನುತ್ತಾರೆ ಮನೆಯವರು. ನೀವೆಲ್ಲ ಏನು ಮಾಡಿದಿರಿ?

ಶಿವಮೊಗ್ಗದಿಂದ: ಅಮ್ಮ ಹೇಳುತ್ತಿರುವುದು ನಿಜ, ದಯವಿಟ್ಟು ನಂಬಿ. ನಮ್ಮ ಅತ್ತೆಗೆ ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಗೋಡೆ ಮೂಲೆಯಲ್ಲಿ ಹಲ್ಲಿ ಓಡಿದರೆ ಮೊದಲು ನೋಡುತ್ತಿದ್ದವರು ಅವರೇ. ನಾವೂ ಅನುಮಾನ ಪಟ್ಟೆವು. ಈಗಲೂ ಅದು ನೆನಪಾದರೆ ಸಂಕಟವಾಗುತ್ತದೆ.

ಮ್ಯಾಕುಲಾ ಅಂದರೆ ಬರೀ ಐದೂವರೆ ಮಿಲಿಮೀಟರ್ ಅಗಲದ ಜಾಗ. ಅದರ ನಡುವೆ ಫೋವಿಯಾ ಅನ್ನುವ ಪುಟ್ಟ ಕುಳಿ. ಬಣ್ಣ, ಸೂಕ್ಷ್ಮ ನೋಡುವ ಕೋನ್ ಕೋಶಗಳು ಅಲ್ಲಿ ಒತ್ತಾಗಿ ಕೂತಿವೆ. ಓದುವುದು, ಸೂಜಿಗೆ ದಾರ ಪೋಣಿಸುವುದು, ಮುಖ ಗುರುತಿಸುವುದು ಎಲ್ಲ ಅಲ್ಲಿಂದಲೇ. ಸುತ್ತಲಿನ ಭಾಗದಲ್ಲಿ ರಾಡ್ ಕೋಶಗಳೇ ಜಾಸ್ತಿ. ಅವಕ್ಕೆ ಮಬ್ಬು ಬೆಳಕು, ಚಲನೆ ಚೆನ್ನಾಗಿ ತಿಳಿಯುತ್ತದೆ. ಹೊಸ್ತಿಲು ಕಾಣುವುದು ಆ ಭಾಗದಿಂದ.

ಅತ್ತೆಗೆ ಓರೆ ನೋಟ ಕಲಿಸಿದರು. ಮುಖ ನೋಡಬೇಕಾದರೆ ಕಿವಿಯ ಕಡೆಗೋ ತಲೆಯ ಮೇಲಕ್ಕೋ ಕಣ್ಣು ಇಡಬೇಕು. ಯಾವ ದಿಕ್ಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು, ಕಣ್ಣಾಸ್ಪತ್ರೆಯ ಲೋ ವಿಷನ್ (ಮಂದದೃಷ್ಟಿ) ವಿಭಾಗದಲ್ಲಿ ಹುಡುಕಿಕೊಡುತ್ತಾರೆ. ತಿಂಗಳುಗಟ್ಟಲೆ ಅಭ್ಯಾಸ ಬೇಕಾಯಿತು. ಬಿಳಿ ಮೊಸರನ್ನ ಎದ್ದು ಕಾಣಲಿ ಎಂದು ಸ್ಟೀಲ್ ತಟ್ಟೆ ಬಿಟ್ಟು ಕಡುನೀಲಿ ತಟ್ಟೆ ತಂದೆವು. ಒಳಗೆ ಬಂದವರು ಮೊದಲು ಹೆಸರು ಹೇಳುವುದು ರೂಢಿಯಾಯಿತು.

ಇನ್ನೊಂದು ಮಾತು. ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಚೌಕುಳಿ ಕಾಗದ ನೋಡಿಸಿ. ನೇರ ಗೆರೆ ಹೊಸದಾಗಿ ಸೊಟ್ಟ ಕಂಡರೆ ಕಾಯಬೇಡಿ. ರಕ್ತನಾಳ ಸೋರುವ ಬಗೆಯಾದರೆ ಕಣ್ಣಿಗೆ ಕೊಡುವ ಇಂಜೆಕ್ಷನ್ ನೆರವಾಗುತ್ತದೆ, ತಡವಾದರೆ ಹೋದ ದೃಷ್ಟಿ ಸಾಮಾನ್ಯವಾಗಿ ವಾಪಸ್ ಬರುವುದಿಲ್ಲ.

ಹಾಸನದಿಂದ: ನನ್ನದು ಇದರ ಉಲ್ಟಾ. ರೆಟಿನೈಟಿಸ್ ಪಿಗ್ಮೆಂಟೋಸಾ. ರಾಡ್‌ಗಳು ಮೊದಲು ಹೋದವು. ಹೈಸ್ಕೂಲಿನಲ್ಲೇ ಇರುಳುಗುರುಡು ಶುರುವಾಯಿತು, ಆಮೇಲೆ ಅಂಚಿನ ನೋಟ ಕಿರಿದಾಗುತ್ತಾ ಬಂತು. ಆಸ್ಪತ್ರೆಯ ಬೋರ್ಡಿನ ಕೊನೆ ಸಾಲು ಇವತ್ತೂ ಓದುತ್ತೇನೆ. ಪಕ್ಕದಿಂದ ಯಾರಾದರೂ ಕೈ ಚಾಚಿದರೆ ಕಾಣುವುದಿಲ್ಲ. ಸೊಕ್ಕು ಅಂದುಕೊಂಡವರಿದ್ದಾರೆ. ಆ ಬೋರ್ಡು ನಡುಭಾಗವನ್ನು ಮಾತ್ರ ಅಳೆಯುತ್ತದೆ, ಅಂಚಿಗೆ ಫೀಲ್ಡ್ ಟೆಸ್ಟ್ ಬೇರೆಯೇ ಮಾಡಬೇಕು.

ಧಾರವಾಡದಿಂದ: ನಾನು ನಕ್ಷತ್ರ ನೋಡುವವನು. ಮಸುಕಾದ ಚುಕ್ಕಿ ನೇರ ನೋಡಿದರೆ ಮಾಯ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಪ್ರತ್ಯಕ್ಷ. ಫೋವಿಯಾದ ನಟ್ಟನಡುವೆ ರಾಡ್ ಇಲ್ಲವೇ ಇಲ್ಲ, ಅದಕ್ಕೆ. ಮನೆಯಲ್ಲಿ ನಂಬದವರ ಕೈಗೆ ಪೇಪರ್ ಕೊಡಿ. ಒಂದು ಪದದ ಮೇಲೆ ಕಣ್ಣು ನೆಟ್ಟು, ಅಲುಗಿಸದೆ, ನಾಲ್ಕು ಬೆರಳು ಆಚೆಯ ಪದ ಓದಲಿ. ಅಕ್ಷರ ಇರುವುದು ಗೊತ್ತಾಗುತ್ತೆ, ಓದಲಾಗಲ್ಲ. ಅಮ್ಮನಿಗೆ ಇಡೀ ದಿನ ಹಾಗೇ ಅಲ್ವಾ?