ಸಹಾಯ ಬೇಕು: ಬುಕ್‌ಮಾರ್ಕ್ ಟ್ಯಾಗ್ ಎರಡಾಗಿ ಒಡೆಯುತ್ತಿದೆ

ನಮಸ್ಕಾರ, ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದಾಗಿನಿಂದ ಹೊಯ್ಸಳರ ಬಗ್ಗೆ ಒಳ್ಳೆಯ ಲಿಂಕ್ ಸಿಕ್ಕಿದಾಗಲೆಲ್ಲ ಕ್ರೋಮ್‌ನಲ್ಲಿ ಬುಕ್‌ಮಾರ್ಕ್ ಮಾಡಿಡುತ್ತಾ ಬಂದೆ, ಈಗ ಇನ್ನೂರು ದಾಟಿದೆ. ಮಕ್ಕಳಿಗೂ ಸಿಗಲಿ ಅಂತ ನಿನ್ನೆ ಮೊದಲ ಸಲ ಒಂದು ಸೋಷಿಯಲ್ ಬುಕ್‌ಮಾರ್ಕಿಂಗ್ ತಾಣದಲ್ಲಿ (ಉಳಿಸಿಟ್ಟ ಲಿಂಕ್‌ಗಳನ್ನು ಬೇರೆಯವರ ಜೊತೆ ಹಂಚಿಕೊಳ್ಳುವ ವೆಬ್‌ಸೈಟ್) ಖಾತೆ ತೆರೆದೆ. ಕ್ರೋಮ್‌ನಿಂದ ಬುಕ್‌ಮಾರ್ಕ್‌ಗಳ ಎಚ್‌ಟಿಎಂಎಲ್ ಫೈಲ್ ಇಳಿಸಿಕೊಂಡು ಅಲ್ಲಿಗೆ ಅಪ್‌ಲೋಡ್ ಮಾಡಿದೆ, ಎಲ್ಲ ಒಂದೇ ಸಲಕ್ಕೆ ಬಂದವು, ತುಂಬಾ ಖುಷಿಯಾಯ್ತು.

ಆದರೆ ಲಿಂಕ್‌ಗೆ ‘ಹಳೇಬೀಡು ಶಿಲ್ಪ’ ಅಂತ ಟ್ಯಾಗ್ (ವಿಷಯ ಗುರುತಿಸುವ ಪದ) ಕೊಟ್ಟರೆ ಜಾಗ ಬಿಟ್ಟ ಕಡೆ ಮುರಿದು ಎರಡು ಟ್ಯಾಗ್ ಆಗುತ್ತದೆ. ನಡುವೆ ಅಡ್ಡಗೆರೆ ಹಾಕಬೇಕಾ? ಇನ್ನೊಂದು, ನನ್ನ ಬ್ಯಾಂಕಿನ ಲಿಂಕ್‌ಗಳೂ ಅದರಲ್ಲೇ ಸೇರಿಹೋಗಿವೆ, ಮಕ್ಕಳಿಗೆ ಕಾಣಬಾರದು ಅಲ್ವಾ? ಅವಷ್ಟನ್ನೇ ಒಟ್ಟಿಗೆ ಪ್ರೈವೇಟ್ ಮಾಡುವುದು ಹೇಗೆ? ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ, ಸೋಮವಾರ ಕ್ಲಾಸಿಗೆ ಬೇಕು.