ನರ್ಸರೀಲಿ ಬರೀ ಆಟಾನೇ ಆಡಿಸ್ತಾರೆ, ಸರೀನಾ?

ಪ್ರಶ್ನೆ: ಮಗಳಿಗೆ ಮೂರೂವರೆ ವರ್ಷ, ನರ್ಸರಿಗೆ ಸೇರಿಸಿ ಮೂರು ತಿಂಗಳಾಯ್ತು ಇನ್ನೂ ಒಂದಕ್ಷರ ಬರೆಸಿಲ್ಲ, ಮಣ್ಣು ನೀರು ಬ್ಲಾಕ್ಸ್ ಅಷ್ಟೇ, ನಮ್ಮತ್ತೆ ದಿನಾ ಕೇಳ್ತಾರೆ ಫೀಸ್ ಯಾಕೆ ಕಟ್ತೀರಾ ಅಂತ. ಶನಿವಾರ ಮನೆಯವ್ರೂ ಬನ್ನಿ ಅಂತ ನರ್ಸರಿಯವ್ರು ಅಂದಿದಾರೆ. ಏನ್ ಮಾಡ್ಲಿ?

ಪುಟ್ಟನ ಅಮ್ಮ: ಗಾಬರಿ ಆಗ್ಬೇಡಿ. 2020ರ ರಾಷ್ಟ್ರೀಯ ಶಿಕ್ಷಣ ನೀತೀಲೇ 3ರಿಂದ 8 ವರ್ಷದ ಮಕ್ಕಳಿಗೆ ಆಟದ ಮೂಲಕ ಕಲಿಸಿ ಅಂತಿದೆ. ಮಣ್ಣು ಕಲಸಿ ಮಣಿ ಪೋಣಿಸಿ ಬೆರಳು ಗಟ್ಟಿಯಾದ್ರೆ ಪೆನ್ಸಿಲ್ ಹಿಡಿಯೋದು ಸುಲಭ.

ಅಂಗನವಾಡಿ ಟೀಚರ್: ಅತ್ತೇನೇ ಕರ್ಕೊಂಡ್ ಹೋಗಿ! ನಮ್ಮಲ್ಲಿ ಒಬ್ರು ಅಜ್ಜಿ ಬಂದು ಹುಣಸೆ ಬೀಜ ಹಾಕಿ ಅಳಗುಳಿಮಣೆ ಆಡಿಸಿದ್ರು, ಗುಳಿಗೆ ಐದೈದು ಬೀಜ ಎಣಿಸಿ ಹಾಕೋದು ಮಕ್ಕಳು ಅಲ್ಲೇ ಕಲ್ತ್ವು.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ, ಅತ್ತೆ ಮಣೆ ಅಟ್ಟದ ಮೇಲಿದೆ, ಇವತ್ತೇ ಇಳಿಸ್ತೀನಿ.